ಅತ್ತೆ ಹೇಳದೆ ಬಿಟ್ಟ ಪದ

ಅತ್ತೆ,

ಭದ್ರಾವತಿಯಿಂದ ನಿಮ್ಮ ಬಾಯಿಬಡುಕಿ ಸೊಸೆ ಶಾಮಲಾ ಮಾಡುವ ನಮಸ್ಕಾರ. ಫೋನಿರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡಿ, ಆಪರೇಷನ್ ಆದ ಕಣ್ಣಿಗೆ ನೋವಾದೀತು. ಫೋನಿನಲ್ಲಾದರೆ ನೀವು "ಹ್ಞೂಂ, ಆಯ್ತು, ಇಡು, ಬಿಲ್ಲು ಬರುತ್ತೆ" ಅಂತ ಮೂರು ಮಾತಿಗೆ ಮುಗಿಸಿಬಿಡುತ್ತೀರಿ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ. ಓದಿ ಹೇಳಲು ನಿಮ್ಮ ಮಗಳ ಮಗಳು ಶೀತಲ್ ಇದ್ದಾಳೆ. ಶೀತಲ್, ಅಜ್ಜಿ "ಸಾಕು ನಿಲ್ಸೇ" ಅಂದರೂ ನಿಲ್ಲಿಸಬೇಡ ಕಣೆ.

ಮೊನ್ನೆ ಅವಳೇ ಶಿವಮೊಗ್ಗದ ರವೀಂದ್ರನಗರದಿಂದ ಫೋನು ಮಾಡಿ ಬಿದ್ದು ಬಿದ್ದು ನಕ್ಕಳು. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ನಿಮ್ಮ ಹೆಸರು ಕೇಳಿದಳಂತೆ. "ಉಚ್ಚಂಗಮ್ಮ" ಅಂತ ಗಟ್ಟಿಯಾಗಿ ಹೇಳಿದಿರಂತೆ. ಗಂಡನ ಹೆಸರು ಕೇಳಿದಳಂತೆ. ನೀವು ತುಟಿ ಬಿಗಿಹಿಡಿದು, ಸೆರಗು ಎಳೆದುಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಾ ನಿಂತಿರಂತೆ. ಹಿಂದೆ ಸಾಲು ಬೆಳೆಯಿತು, ಹುಡುಗಿ "ಅಮ್ಮಾ, ಬೇಗ ಹೇಳಿ" ಅಂದಳು, ನೀವು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಶೀತಲ್ಲೇ ಹೇಳಿದಳಂತೆ. "ಅಜ್ಜ ಹೋಗಿ ಮೂರು ವರ್ಷ ಆಯ್ತು ಅತ್ತೆ, ಇನ್ನೂ ನಾಚಿಕೇನಾ ಈ ಅಜ್ಜಿಗೆ?" ಅಂತ ನನ್ನನ್ನು ಕೇಳಿದಳು. ನಾನೂ ಜೊತೆಗೆ ನಗಬೇಕಿತ್ತು. ನಗು ಬರಲಿಲ್ಲ, ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಅವಳಿಗೆ ಪಾಪ ಏನು ಗೊತ್ತು, ಆಗ ಇನ್ನೂ ಚಿಕ್ಕ ಹುಡುಗಿ. ಅವಳಿಗೆ ಗೊತ್ತಾಗಲಿ ಅಂತಲೇ ಈ ಕಾಗದ. ನಿಮಗೆ ನೆನಪಾಗಲಿ ಅಂತಲೂ ಹೌದು, ನನಗೇ ಆ ವರ್ಷ ಇನ್ನೊಮ್ಮೆ ಬೇಕು ಅನ್ನಿಸಿತು ಅಂತಲೂ ಹೌದು.

ಮೊದಲು ಒಂದು ಅಪ್ಪಣೆ ಕೊಡಿ. ಮಾವನವರ ಹೆಸರನ್ನು ಬರೆಯದೆ ಈ ಕಥೆ ಸಾಗುವುದಿಲ್ಲ. ಚಂದ್ರಶೇಖರಪ್ಪ. ಬರೆದುಬಿಟ್ಟೆ. ಬಾಯಲ್ಲಿ ಹೇಳಿಲ್ಲ, ನೀವೂ ಹೇಳಬೇಕಾಗಿಲ್ಲ, ಓದುವವಳು ಮೊಮ್ಮಗಳು. ಯಾರ ತಲೆಗೂ ದೋಷವಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಮಗನನ್ನು "ಮಲ್ಲೇಶ್, ಕಾಫಿ" ಅಂತ ಕೂಗಿದ್ದೆ. ಒಲೆಯ ಮುಂದಿದ್ದ ನೀವು ಸೌಟು ಹಿಡಿದೇ ತಿರುಗಿದ್ದಿರಿ. "ಗಂಡನ ಹೆಸರು ಹಿಡಿದು ಕರೀತೀಯಲ್ಲೇ ಮಾರಾಯ್ತಿ! ಅವನ ಆಯಸ್ಸು ಕಮ್ಮಿ ಆಗುತ್ತೆ." ನಾನು ಶಿವಮೊಗ್ಗದ ಸವಳಂಗ ರಸ್ತೆಯ ಹುಡುಗಿ, ಕಾಲೇಜು ಮುಗಿಸಿದವಳು, ಮೂಗು ಮುರಿದೆ. ಆಮೇಲೆ ಒಂದೊಂದಾಗಿ ನಿಮ್ಮ ವ್ರತ ನನಗೆ ತಿಳಿಯುತ್ತಾ ಬಂತು. ಮಾವನವರ ಹೆಸರು ಮಾತ್ರವಲ್ಲ, ಆ ಹೆಸರಿನೊಳಗಿರುವ ಚಂದ್ರನೂ ನಿಮ್ಮ ಬಾಯಿಗೆ ವರ್ಜ್ಯ. ಹುಣ್ಣಿಮೆಯ ದಿನ "ತಿಂಗಳಪ್ಪ ಬಂದ ನೋಡು" ಅನ್ನುತ್ತಿದ್ದಿರಿ. ನಿಮ್ಮ ತವರಿನ ಚಂದ್ರಹಾರ "ಆ ಉದ್ದದ ಸರ". ಹಾಲು ಹಾಕುವ ಚಂದ್ರಣ್ಣ "ನಮ್ಮನೆ ಯಜಮಾನರ ಹೆಸರಿನವ". ನಿಮ್ಮ ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಕಟ್ಟಿ ಗಂಡನ ಹೆಸರು ಹೇಳಿಸಿದ್ದೇ ಮೊದಲು, ಅದೇ ಕೊನೆ. ಮನೆಯೊಳಗೆ "ರೀ" ಅಂದರೆ ಸಾಕು, ಜಗುಲಿಯಿಂದ ಮಾವ "ಬಂದೆ ಬಂದೆ" ಅನ್ನುತ್ತಿದ್ದರು. ಅನ್ನುತ್ತಿದ್ದರು ಅಷ್ಟೇ, ಬರುತ್ತಿರಲಿಲ್ಲ. ರೊಟ್ಟಿ ತಣ್ಣಗಾಗುತ್ತಿತ್ತು, ನೀವು ಬೈಯುತ್ತಿದ್ದಿರಿ, ಅವರು ಇನ್ನೊಮ್ಮೆ "ಬಂದೆ ಬಂದೆ" ಅನ್ನುತ್ತಿದ್ದರು.

ಆ ದೀಪಾವಳಿ ಮುಗಿದ ವಾರವೇ ಮಾವನವರಿಗೆ ಲಕ್ವ ಹೊಡೆಯಿತು. ಎರಡು ಸಾವಿರದ ಎರಡನೇ ಇಸವಿ. ಬಲಗೈ ಬಿತ್ತು, ಮಾತು ಹೋಯಿತು. ಕಾರ್ಖಾನೆಯಲ್ಲಿ ಕ್ರೇನು ಓಡಿಸುತ್ತಾ ಆಚೆ ತುದಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯನ ಬಾಯಲ್ಲಿ ಉಳಿದದ್ದು ಒಂದೇ ಮಾತು. ನೀರು ಬೇಕಾ? "ಬಂದೆ ಬಂದೆ." ನೋವಿದೆಯಾ? "ಬಂದೆ ಬಂದೆ." ಬದುಕಿನಲ್ಲಿ ಹೆಚ್ಚು ಆಡಿದ ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ ಅಂತ ಶಿವಮೊಗ್ಗದ ಡಾಕ್ಟರು ಹೇಳಿದರು. ಪದಗಳು ಸತ್ತಿಲ್ಲ, ಎಲ್ಲೋ ಅಡಗಿವೆ, ಹೊರಗೆ ಕರೆಯಬೇಕು ಅಂದರು. ಇಡೀ ಪದ ನಾವೇ ಹೇಳಿಕೊಡಬಾರದು, ಮೊದಲ ಅಕ್ಷರ ಕೊಟ್ಟು ಕಾಯಬೇಕು ಅಂದರು. ನೀವು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಿರಿ. ಮನೆಗೆ ಬಂದು "ನೀ… ನೀ…" ಅಂತ ನೀರಿನ ಲೋಟ ಹಿಡಿದು ಕೂತಿರಿ. ಅವರು ನಿಮ್ಮ ಮುಖ ನೋಡಿ ಅಳುವುದು, ನೀವು ಅವರ ಮುಖ ನೋಡಿ ಅಳುವುದು. ತಿಂಗಳುಗಟ್ಟಲೆ ಅದೇ ಆಯಿತು.

ಇನ್ನು ನನ್ನ ಹುಚ್ಚಿನ ಕಥೆ. ಭಾನುವಾರ ಬೆಳಿಗ್ಗೆ ಕೇಬಲ್ಲಿನಲ್ಲಿ ಬರುತ್ತಿದ್ದ "ಅಡಗಿದ ಪದ" ಆಟವೆಂದರೆ ನನಗೆ ಪ್ರಾಣ. ಶೀತಲ್, ನೀನು ನೋಡಿರಲಿಕ್ಕಿಲ್ಲ, ಕೇಳು. ಆಡುವವರು ಜೋಡಿ. ಒಬ್ಬರಿಗೆ ಹಲಗೆಯ ಮೇಲೆ ಪದ ಕಾಣುತ್ತದೆ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ. ಕಂಡವರು ಆ ಪದವನ್ನು ಬಾಯಿಗೆ ತರದೆ ಸುಳಿವು ಕೊಡಬೇಕು, ಗಂಟೆ ಹೊಡೆಯುವುದರೊಳಗೆ ಕೂತವರು ಹೇಳಬೇಕು. ತೀರಾ ಸಿಕ್ಕಿಹಾಕಿಕೊಂಡರೆ ಮೊದಲ ಅಕ್ಷರ ಕೇಳಬಹುದು, ಅರ್ಧ ಅಂಕ ಹೋಗುತ್ತದೆ. ತವರಿನಲ್ಲಿದ್ದಾಗ ಸರಿಯಾಗಿ ಆಟದ ಹೊತ್ತಿಗೇ ಕರೆಂಟು ಹೋಗುತ್ತಿತ್ತು, ಕೊನೆಯ ಪದ ಏನಾಯಿತೋ ಅಂತ ಸೋಮವಾರ ಯಾರ್‍ಯಾರನ್ನೋ ಕೇಳಿಕೊಂಡು ತಿರುಗುತ್ತಿದ್ದೆ. ಭದ್ರಾವತಿಯ ಕ್ವಾರ್ಟರ್ಸಿಗೆ ಕಾರ್ಖಾನೆಯದೇ ಲೈನು, ಕರೆಂಟು ಹೋಗುವುದಿಲ್ಲ ಅಂತ ಗೊತ್ತಾದ ದಿನವೇ ನಿಮ್ಮ ಮಗನನ್ನು ಒಪ್ಪಿಕೊಂಡೆ. ತಮಾಷೆ ಅಲ್ಲ ಅತ್ತೆ, ನಿಜ.

ನಿಮಗೋ ಆ ಆಟ ಕಂಡರೆ ಆಗುತ್ತಿರಲಿಲ್ಲ. "ಗೊತ್ತಿರೋ ಮಾತನ್ನ ಬಚ್ಚಿಟ್ಟು ಹುಡುಕೋದು ಎಂಥ ಆಟವೇ? ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ್ನಂತೆ" ಅಂತ ಟಿವಿಯ ಮುಂದೆಯೇ ಪೊರಕೆ ಆಡಿಸುತ್ತಿದ್ದಿರಿ. ಮಾವ ಹಾಸಿಗೆ ಹಿಡಿದ ಮೇಲೆ ನಾನೂ ಆಟ ಬಿಟ್ಟೆ. ಮನೆ ಅಷ್ಟು ಮೌನವಾಗಿರುವಾಗ ಟಿವಿ ಹಾಕಲು ಮನಸ್ಸು ಬರುತ್ತಿರಲಿಲ್ಲ. ಆದರೆ ಶಿವರಾತ್ರಿ ಕಳೆದ ಒಂದು ಭಾನುವಾರ ಚಪಲ ತಡೆಯಲಾಗದೆ ಸಣ್ಣ ದನಿಯಲ್ಲಿ ಹಾಕಿದೆ. ಹಾವೇರಿಯ ಅಣ್ಣ ತಂಗಿ ಆಡುತ್ತಿದ್ದರು. "ಬಾವಿಗೂ ಬೇಕು, ಹಸುವಿಗೂ ಬೇಕು" ಅಂದಳು ತಂಗಿ. "ನೀರು" ಅಂದ ಅಣ್ಣ. ಅಲ್ಲ. "ಹುಲ್ಲು" ಅಂದ. ಬಾವಿಗೆ ಹುಲ್ಲು ಯಾಕೋ ಪೆದ್ದೇ ಅಂತ ನಾನು ಹಲ್ಲು ಕಡಿದೆ. ಅವನು ಮೊದಲ ಅಕ್ಷರ ಕೇಳಿದ. ಪರದೆಯ ಮೇಲೆ "ಹ" ಬಂತು. ನನ್ನ ಹಿಂದೆ, ಮಂಚದ ಮೇಲಿನಿಂದ, ಯಾರೋ ಹೇಳಿದರು: "ಹ… ಹಗ್ಗ."

ನೀವು ಹಿಟ್ಟಿನ ಕೈಯಲ್ಲೇ ಓಡಿಬಂದಿರಿ. "ಯಾರೇ ಅಂದಿದ್ದು?" ನಾನು ಮಾವನವರತ್ತ ಕೈ ತೋರಿಸಿದೆ. ನೀವು ಬಗ್ಗಿ "ರೀ, ನೀವೇ ಅಂದ್ರಾ?" ಅಂತ ಕೇಳಿದಿರಿ. ಅವರು ನಿಮ್ಮನ್ನು ನೋಡಿ, "ಬಂದೆ ಬಂದೆ" ಅಂದರು. ನಾವಿಬ್ಬರೂ ನಕ್ಕೆವೋ ಅತ್ತೆವೋ ಈಗ ನೆನಪಿಲ್ಲ. ಒಲೆಯ ಮೇಲಿದ್ದ ರೊಟ್ಟಿ ಸೀದದ್ದು ನೆನಪಿದೆ.

ಅಲ್ಲಿಂದ ಮುಂದಿನ ಭಾನುವಾರಗಳನ್ನು ಹೇಗೆ ಮರೆಯಲಿ? ಆಟ ಶುರುವಾಗುವ ಮೊದಲೇ ನೀವು ಮಂಚವನ್ನು ಟಿವಿಯ ಕಡೆ ತಿರುಗಿಸಿ, ಮಾವನವರಿಗೆ ತಲೆ ಬಾಚಿ, ವಿಭೂತಿ ಹಚ್ಚಿ ಕೂರಿಸುತ್ತಿದ್ದಿರಿ. ಪೊರಕೆ ಮೂಲೆ ಸೇರಿತು. ಆ ಹಾವೇರಿಯ ಅಣ್ಣ ತಂಗಿ ವಾರಗಟ್ಟಲೆ ಸೋಲಲೇ ಇಲ್ಲ, ಬಾವಿಗೆ ಹುಲ್ಲು ಹಾಕಿದ ಪುಣ್ಯಾತ್ಮನೇ ಗೆಲ್ಲುತ್ತಾ ಹೋದ. ತುಮಕೂರಿನ ಹೊಸ ಗಂಡ ಹೆಂಡತಿ ಹಲಗೆಯ ಮುಂದೆಯೇ ಜಗಳವಾಡಿದರು, "ನಿಮ್ಮಮ್ಮ ದಿನಾ ಮಾಡ್ತಾರಲ್ಲ" ಅಂತ ಅವಳು, "ಏನು ಮಾಡ್ತಾರೆ, ಬೈಗುಳಾನಾ?" ಅಂತ ಅವನು, ಪದ ನೋಡಿದರೆ ಉಪ್ಪಿಟ್ಟು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಮೈಸೂರಿನ ನಿವೃತ್ತ ಮೇಷ್ಟ್ರು ಒಬ್ಬರು ಸುಳಿವಿನ ಬದಲು ಭಾಷಣ ಮಾಡಿ ಗಂಟೆ ಹೊಡೆಸಿಕೊಂಡರು. ಅವರು ಸೋತಾಗ ಮಾವ ಎಡಗೈಯಿಂದ ತೊಡೆ ತಟ್ಟಿ ನಕ್ಕರು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

ವಾರಕ್ಕೊಮ್ಮೆ ಸಾಲದು ಅಂತ ದಿನಾ ಸಂಜೆ ಮನೆಯಲ್ಲೇ ಆಟ ಹೂಡಿದೆವು. ಸುಳಿವು ಕೊಡುವವರು ನೀವು, ಹೇಳುವವರು ಮಾವ, ಮೊದಲ ಅಕ್ಷರ ಕೊಡುವವಳು ನಾನು. ಆಗ ನೋಡಿದೆ ಅತ್ತೆ ನಿಮ್ಮ ಕೈಚಳಕ! ಟಿವಿಯಲ್ಲಿ ಬರುವ ಬಿ.ಎ., ಎಂ.ಎ.ಗಳೆಲ್ಲ ತಡವರಿಸುವ ಕಡೆ ನಿಮಗೆ ಸುಳಿವು ಸರಸರ ಹುಟ್ಟುತ್ತಿತ್ತು. ಹುಟ್ಟದೆ ಏನು, ನಲವತ್ತು ವರ್ಷದಿಂದ ಹೆಸರು ಹಿಡಿಯದೆ ಸಂಸಾರ ಮಾಡಿದವರು ನೀವು. ಒಂದು ಮಾತನ್ನು ಬಾಯಿಗೆ ತರದೆ ಅದನ್ನೇ ಹೇಳುವುದು ನಿಮಗೆ ನಿತ್ಯದ ಕೆಲಸ. "ಕೂತಲ್ಲೇ ಕೂತು ಊರಿಗೆಲ್ಲ ರುಬ್ಬಿ ಕೊಡ್ತಾಳೆ, ತಾನು ಒಂದು ತುತ್ತೂ ತಿನ್ನಲ್ಲ." ಮಾವ ಯೋಚಿಸಿ "ಒ… ಒರಳು" ಅಂದರು. "ನೀವು ಶಿವಮೊಗ್ಗದ ಬಸ್ಸಲ್ಲಿ ಬಿಟ್ಟು ಬಿಟ್ಟು ಬಂದ್ರಲ್ಲ, ಪ್ರತಿ ಮಳೆಗಾಲಕ್ಕೂ ಹೊಸದು?" "ಛತ್ರಿ!" "ಮದುವೆ ಆದ ಹೊಸದರಲ್ಲಿ ಸಕ್ರೆಬೈಲಿಗೆ ಕರ್ಕೊಂಡು ಹೋಗಿ, ನನ್ನ ದಡದ ಮೇಲೆ ಬಿಟ್ಟು ಮಧ್ಯಾಹ್ನದವರೆಗೂ ಯಾರಿಗೆ ಸ್ನಾನ ಮಾಡ್ಸೋದು ನೋಡ್ತಾ ನಿಂತಿದ್ರಿ?" ಮಾವನವರ ಮುಖದಲ್ಲಿ ಕಳ್ಳನಗೆ. "ಆನೆ." ನೀವು ಹುಸಿಮುನಿಸಿನಿಂದ "ನೆನಪಿದೆ, ಅದು ಮಾತ್ರ ನೆನಪಿದೆ" ಅಂದಿರಿ. ನಿಮ್ಮಿಬ್ಬರ ಬದುಕಿನ ಕಥೆಯನ್ನೆಲ್ಲ ನಾನು ಆ ಸಂಜೆಗಳಲ್ಲಿ ಸುಳಿವುಗಳ ರೂಪದಲ್ಲೇ ಕೇಳಿದ್ದು.

ಪದಗಳು ಒಂದೊಂದಾಗಿ ಬಂದವು. ಒಂದು ಮಾತ್ರ ಬರಲಿಲ್ಲ. ಡಾಕ್ಟರು ಪ್ರತಿ ಸಲವೂ ಮೊದಲು ಅದನ್ನೇ ಕೇಳುತ್ತಿದ್ದರು: "ಯಜಮಾನ್ರೇ, ನಿಮ್ಮ ಹೆಸರೇನು?" ಮಾವ ಬಾಯಿ ತೆರೆಯುವರು, ಹುಡುಕುವರು, ಕಣ್ಣು ತುಂಬಿಕೊಳ್ಳುವರು. "ಬಂದೆ ಬಂದೆ." ಒಮ್ಮೆ ಅವರ ಹಳೆಯ ಜೊತೆಗಾರ ನಾಗಯ್ಯ ನೋಡಲು ಬಂದು, ಒಳ್ಳೆಯ ಮನಸ್ಸಿನಿಂದಲೇ, "ನನ್ನ ಹೆಸರು ಬಿಡಪ್ಪ, ನಿನ್ನ ಹೆಸರಾದ್ರೂ ನೆನಪೈತಾ?" ಅಂತ ನಗಿಸಲು ಹೋದರು. ಮಾವ ಗೋಡೆಗೆ ಮುಖ ಹಾಕಿದರು. ಅಂದಿನಿಂದ ಯಾರು ಬಂದರೂ ಗೋಡೆಗೇ ಮುಖ. ನಿಮ್ಮ ಮಗ ಪಕ್ಕದಲ್ಲಿ ಕೂತು "ಅಪ್ಪಾ, ಚ… ಚ…" ಅಂತ ಹೇಳಿಕೊಡಲು ನೋಡಿದರೆ ಅದಕ್ಕೂ ಗೋಡೆ. ತನ್ನ ಹೆಸರಿನ ಪಾಠವನ್ನು ಮಗನ ಬಾಯಲ್ಲಿ ಹೇಳಿಸಿಕೊಳ್ಳುವುದು ಯಾವ ಅಪ್ಪನಿಗೆ ಸೇರೀತು?

ಡಾಕ್ಟರು ನಿಮಗೇ ಹೇಳಿದರು. "ನೀವು ಹೇಳಿದ್ರೆ ಅವರು ಹೇಳ್ತಾರಮ್ಮ. ದಿನಾ ಹೆಸರು ಹಿಡಿದು ಕರೀರಿ." ಮನೆಗೆ ಬಂದ ಮೇಲೆ ನಾನು ಬೇಡಿಕೊಂಡೆ, ರೇಗಿದೆ, ಒಂದೇ ಒಂದು ಸಲ ಅತ್ತೆ ಅಂದೆ. ನೀವು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಅವರು ಇಷ್ಟಾದ್ರೂ ಉಳಿದಿರೋದು ಯಾತಕ್ಕೆ ಅಂದ್ಕೊಂಡಿದ್ದೀಯ? ನಾನು ಬಾಯಿ ಕಟ್ಟಿದ್ದಕ್ಕೆ ಕಣೆ. ಹೆಸರು ಬರ್ಲಿ ಅಂತ ಹೆಸರು ಹಿಡಿದು, ನಾಳೆ ಮನುಷ್ಯನೇ ಇಲ್ಲದಿದ್ರೆ ಆ ಹೆಸರಿಟ್ಕೊಂಡು ಏನು ಮಾಡ್ಲಿ?" ನಾನು ಓದಿದವಳು, ಅದೆಲ್ಲ ಮೂಢನಂಬಿಕೆ ಅನ್ನಬೇಕಿತ್ತು. ಅದರ ಬದಲು ಮಾವನವರಿಗೆ ಗಂಜಿ ಕಲಸಲು ಎದ್ದೆ. ನೀವು ಹೇಳಿದರೆ ಗಂಡನಿಗೆ ಹೆಸರು ಸಿಗುತ್ತದೆ, ಹೇಳದಿದ್ದರೆ ಗಂಡ ಉಳಿಯುತ್ತಾನೆ. ಇಂಥ ಕತ್ತರಿಯಲ್ಲಿ ಸಿಕ್ಕಿಕೊಂಡವರಿಗೆ ನಾನೇನು ಬುದ್ಧಿ ಹೇಳುವುದು?

ಹೀಗಿರುವಾಗ "ಅಡಗಿದ ಪದ"ದವರು ಆಯ್ಕೆ ನಡೆಸಲು ಶಿವಮೊಗ್ಗಕ್ಕೇ ಬರುತ್ತಾರೆ ಅಂತ ಟಿವಿಯಲ್ಲಿ ಹೇಳಿದರು. ಗೆದ್ದ ಜೋಡಿಗೆ ಟಿವಿಯಲ್ಲಿ ಆಡುವ ಅವಕಾಶ. ಅತ್ತೆ ಸೊಸೆ ಜೋಡಿಯಾಗಿ ಹೋಗೋಣ ಅಂತ ನಾನು ಹಿಂದೆ ಬಿದ್ದೆ. "ಈ ವಯಸ್ಸಲ್ಲಿ ವೇಷ ಕಟ್ಲಾ ನಾನು?" ಅಂದಿರಿ. ಮಂಚದ ಮೇಲಿನಿಂದ ಮಾವ "ಹೋಗು" ಅಂದರು. ಸ್ವಲ್ಪ ಬಿಟ್ಟು, ಗಲ್ಲದಿಂದ ನನ್ನತ್ತ ತೋರಿಸಿ, "ಇವಳ ಜೊತೆ" ಅಂದರು. ಗಂಡನ ಬಾಯಲ್ಲಿ ಅಷ್ಟುದ್ದದ ಮಾತು ಕೇಳಿದ ಮೇಲೆ ನೀವು ಇನ್ನೇನೂ ವಾದಿಸಲಿಲ್ಲ. ಆಯ್ಕೆಯಿದ್ದ ಭಾನುವಾರ ನಿಮ್ಮ ಮಗನಿಗೆ ಶಿಫ್ಟು. ಮಾವನವರನ್ನು ಒಬ್ಬರನ್ನೇ ಬಿಡುವಂತಿಲ್ಲ. ಕ್ವಾರ್ಟರ್ಸ್ ಆಟೋ ಸ್ಟ್ಯಾಂಡಿನ ಅಕ್ರಂ "ಯಜಮಾನ್ರು ನನ್ನ ಜವಾಬ್ದಾರಿ ಅಮ್ಮಾ, ಟಿವೀಲಿ ಬಂದ್ಮೇಲೆ ನಮ್ಮ ಗುರ್ತು ಇಟ್ಕೊಂಡ್ರೆ ಸಾಕು" ಅಂತ ಆಟೋದಲ್ಲಿ ದಿಂಬು ಹಾಕಿ, ಮಾವನವರನ್ನು ಎತ್ತಿ ಕೂರಿಸಿ, ಹಳ್ಳ ಕಂಡಲ್ಲೆಲ್ಲ ನಿಧಾನ ಮಾಡುತ್ತಾ ಶಿವಮೊಗ್ಗದವರೆಗೂ ಕರೆತಂದ.

ಸವಳಂಗ ರಸ್ತೆಯ ಕಲ್ಯಾಣಮಂಟಪದಲ್ಲಿ ಜನವೋ ಜನ. ನೀವು ಹಸಿರು ಇಳಕಲ್ ಸೀರೆ ಉಟ್ಟಿದ್ದಿರಿ. ಮೊದಲ ಸುತ್ತಿನಲ್ಲಿ ಸುಳಿವು ನಿಮ್ಮದು, ಉತ್ತರ ನನ್ನದು. ನೀವು ಹೇಳುತ್ತಾ ಹೋದಿರಿ, ನಾನು ಹೇಳುತ್ತಾ ಹೋದೆ, ಸಭೆ ಚಪ್ಪಾಳೆ ಹೊಡೆಯಿತು. ಎರಡನೇ ಸುತ್ತಿಗೆ ಜಾಗ ಬದಲು. ಅಲ್ಲೂ ನೀವು ಎಡವಲಿಲ್ಲ. ಸಾಗರದ ಜೋಡಿಗೂ ನಮಗೂ ಸಮಸಮ, ಉಳಿದದ್ದು ಒಂದೇ ಪದ. ಹಲಗೆ ತಿರುಗಿತು. "ಚಂದ್ರ."

ಬೇರೆ ಪದ ಕೇಳುವಂತಿಲ್ಲ. "ಆಕಾಶದಲ್ಲಿ, ಹುಣ್ಣಿಮೆ ದಿನ ದುಂಡಗೆ" ಅಂದೆ. ನೀವು ನನ್ನತ್ತ ನೋಡಿದ ನೋಟ ಇನ್ನೂ ನನ್ನ ಕಣ್ಣಲ್ಲಿದೆ. "ತಿಂಗಳು" ಅಂದಿರಿ. "ಹತ್ತಿರ ಬಂದ್ರಿ, ಇನ್ನೊಂದು ಹೆಸರಿದೆ" ಅಂದ ಆಟ ನಡೆಸುವ ಹುಡುಗ. ನೀವು ಸೆರಗು ಎಳೆದುಕೊಂಡಿರಿ. ತುಟಿ ಬಿಗಿದಿರಿ. ಗಡಿಯಾರ ಟಕಟಕ ಅನ್ನುತ್ತಿತ್ತು. "ಅಮ್ಮಾ, ಮೊದಲ ಅಕ್ಷರ ಬೇಕಾ?"

"ಬೇಡಪ್ಪ, ಗೊತ್ತಿದೆ."

"ಗೊತ್ತಿದ್ರೆ ಹೇಳಿ ಅಮ್ಮಾ!"

"ಹೇಳಕ್ಕಾಗಲ್ಲ."

ಸಭೆ ಗೊಳ್ಳೆಂದಿತು. ನೀವು ನಗಲಿಲ್ಲ. ಬಾಯಿ ಕಟ್ಟಿ ಕೂತೇ ಇದ್ದಿರಿ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಕ್ರಂನ ಹೆಗಲು ಹಿಡಿದು ಮಾವ ಎದ್ದು ನಿಂತಿದ್ದರು. ಮುಖವೆಲ್ಲ ಬೆವರು. "ಚಂದ್ರ" ಅಂದರು. ನಗು ನಿಂತಿತು. ಅವರು ಉಸಿರು ಎಳೆದುಕೊಂಡು, ಕಾರ್ಖಾನೆಯ ಆಚೆ ತುದಿಗೆ ಕೇಳುವ ಆ ಹಳೆಯ ದನಿಯಲ್ಲಿ, "ಚಂದ್ರಶೇಖರಪ್ಪ" ಅಂದರು.

ಗಂಟೆ ಹೊಡೆಯಿತು. ಹೊರಗಿನವರು ಹೇಳಿದ್ದು ಲೆಕ್ಕಕ್ಕಿಲ್ಲ ಅಂದರು, ಸಾಗರದವರು ಗೆದ್ದರು. ಅದನ್ನು ಕೇಳಲು ನೀವು ಅಲ್ಲಿದ್ದರೆ ತಾನೇ? ವೇದಿಕೆಯ ಮೆಟ್ಟಿಲಿಳಿದು, ಸೆರಗು ಜಾರಿದ್ದೂ ತಿಳಿಯದೆ, ಕುರ್ಚಿಗಳ ನಡುವೆ ನುಗ್ಗಿಕೊಂಡು ಹೋಗಿಬಿಟ್ಟಿದ್ದಿರಿ. "ರೀ, ಇನ್ನೊಂದ್ಸಲ ಹೇಳ್ರೀ." ಅವರು ಹೇಳಿದರು. ವಾಪಸು ಬರುವಾಗ ತುಂಗೆಯ ಸೇತುವೆಯ ಮೇಲೂ ಹೇಳಿದರು. ಅಕ್ರಂ ಕನ್ನಡಿಯಲ್ಲಿ ನೋಡುತ್ತಾ "ಯಜಮಾನ್ರೇ, ತಮ್ಮ ಹೆಸರು?" ಅಂತ ಕೇಳುವುದು, ಅವರು ಎದೆ ಸೆಟೆಸಿ ಹೇಳುವುದು, ಭದ್ರಾವತಿ ಬರುವವರೆಗೂ ಇದೇ ಆಟ. ಮರುವಾರ ನಾಗಯ್ಯನವರನ್ನು ತಾವಾಗಿಯೇ ಕರೆಸಿ ಅವರಿಗೂ ಹೇಳಿದರು.

ಶಿವಮೊಗ್ಗದಿಂದ ಬಂದ ಸಂಜೆಯೇ ನೀವು ದೀಪ ಹಚ್ಚಲು ಹೋದಾಗ ನಾನು ಮಾವನವರನ್ನು ಕೇಳಿದೆ, ಅಷ್ಟು ದಿನ ಬಾರದ್ದು ಅಲ್ಲಿ ಹೇಗೆ ಹೊಳೆಯಿತು ಅಂತ. ಇದನ್ನು ನಿಮಗೆ ಹೇಳಬೇಡ ಅಂದಿದ್ದರು, ನಾಚಿಕೆಯ ಮನುಷ್ಯ. ಇವತ್ತು ಹೇಳುತ್ತಿದ್ದೇನೆ. ಎಡಗೈಯ ಎರಡು ಬೆರಳಿನಿಂದ ತಮ್ಮ ತುಟಿಗಳನ್ನು ಒತ್ತಿ ಹಿಡಿದು, ನೀವು ವೇದಿಕೆಯ ಮೇಲೆ ಕೂತಿದ್ದ ಹಾಗೆಯೇ ಮಾಡಿ ತೋರಿಸಿದರು. ಆಮೇಲೆ ಹುಡುಕಿ ಹುಡುಕಿ ಹೇಳಿದರು: "ಇವಳು… ಸುಮ್ಮನಾದ್ಲು. ಸುಮ್ಮನಾದ್ಲು ಅಂದ್ರೆ… ನಾನೇ."

ಆ ವರ್ಷ ಮುಗಿಯುತ್ತಿದ್ದಂತೆ ಆಟವೂ ನಿಂತಿತು, ಆ ಹೊತ್ತಿಗೆ ಯಾವುದೋ ಅಳುಬುರುಕ ಧಾರಾವಾಹಿ ಬಂತು. ನಾವು ಟಿವಿಯಲ್ಲಿ ಬರಲೇ ಇಲ್ಲ. ಮಾವ ಮತ್ತೂ ಎರಡು ಚಿಲ್ಲರೆ ವರ್ಷ ನಮ್ಮ ಜೊತೆಗಿದ್ದರು, ಬೈದರು, ನಕ್ಕರು, ಊಟಕ್ಕೆ ಕರೆದರೆ ಮೊದಲಿನಂತೆಯೇ "ಬಂದೆ ಬಂದೆ" ಅಂತ ತಡ ಮಾಡಿದರು. ಅವರು ಹೋದ ಮೇಲೆ ಒಮ್ಮೆ ನಾನು ಮೂರ್ಖಳಂತೆ ಕೇಳಿದ್ದೆ, ಇನ್ನು ಹೆಸರು ಹೇಳೋಕೆ ಏನು ಭಯ ಅತ್ತೆ ಅಂತ. ನೀವು ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಅಂದಿದ್ದಿರಿ: "ಈಗ ಹೇಳಿದ್ರೆ, ಹೋದ್ರು ಅಂತ ನಾನೂ ಒಪ್ಪಿಕೊಂಡ ಹಾಗೆ ಅಲ್ವೇನೆ."

ಶೀತಲ್, ಈಗ ತಿಳೀತಾ? ಅಜ್ಜಿಗೆ ಅದು ನಾಚಿಕೆ ಅಲ್ಲ ಪುಟ್ಟಿ. ಮುಂದಿನ ವಾರ ಎರಡನೇ ಕಣ್ಣಿಗೆ ಹೋದಾಗ ಮತ್ತೆ ಕೇಳುತ್ತಾರೆ. ನೀನೇ ಹೇಳು, ಆದರೆ ಗಡಿಬಿಡಿಯಲ್ಲಿ ಹೇಳಬೇಡ. ಹಿಂದಿನವರು ಗೊಣಗಿದರೆ ಗೊಣಗಲಿ. ಅಜ್ಜಿ ತುಟಿ ಬಿಗಿಹಿಡಿದು ಗೋಡೆ ನೋಡುತ್ತಾ ನಿಂತಿರುವಷ್ಟು ಹೊತ್ತು ನೀನೂ ಅವಳ ಕೈ ಹಿಡಿದು ಸುಮ್ಮನೆ ನಿಂತಿರು. ಅವಳು ಆಗ ನಿನ್ನ ಅಜ್ಜನನ್ನು ಕರೆಯುತ್ತಿರುತ್ತಾಳೆ. ಅವರಿಗೆ ಅದು ಕೇಳಿಸುತ್ತದೆ, ಎಲ್ಲಿದ್ದರೂ "ಬಂದೆ ಬಂದೆ" ಅಂದಿರುತ್ತಾರೆ.

ಅತ್ತೆ, ಕಣ್ಣಿಗೆ ನೀರು ತಾಕಿಸಬೇಡಿ ಅಂದಿದ್ದಾರೆ ಡಾಕ್ಟರು, ಅದು ಒಳಗಿನ ನೀರಿಗೂ ಅನ್ವಯಿಸುತ್ತದೆ. ಸಾಕು, ಒರೆಸಿಕೊಳ್ಳಿ. ಕಣ್ಣು ತಿಳಿಯಾದ ಮೇಲೆ ಬೇಗ ಬನ್ನಿ, ನೀವಿಲ್ಲದೆ ಸಂಜೆ ಹೊತ್ತು ಮನೆಯಲ್ಲಿ ಸುಳಿವು ಕೊಡುವವರಿಲ್ಲ. ನಿಮ್ಮ ಎರಡೂ ಕಣ್ಣಿಗೆ ಬೆಳಕು ತುಂಬಿ ಬರಲಿ, ಬರುವ ಹುಣ್ಣಿಮೆಗೆ ಅಂಗಳದಲ್ಲಿ ನನ್ನ ಪಕ್ಕ ನಿಂತು ನಿಮ್ಮ ತಿಂಗಳಪ್ಪನನ್ನು ಕಣ್ತುಂಬ ನೋಡುವಂತಾಗಲಿ.

ನಿಮ್ಮ ಪಾದ ಮುಟ್ಟಿ,
ಇವತ್ತಿಗೂ ನಿಮ್ಮ ಜೋಡಿ ಆಟಗಾರ್ತಿ,
ಶಾಮಲಾ